ಪುಸ್ತಕ ಕೊಳ್ಳುವ ಅಧಿಕಾರ ಇರುವವರಿಗೆ, ಜೆರಾಕ್ಸ್ ಅಂಗಡಿಯಿಂದ ಒಂದು ಪತ್ರ

ಕೋಲಾರ,
ಡಿಸೆಂಬರ್ 2025

ಕೋಲಾರ ಜಿಲ್ಲೆಯಲ್ಲಿ ಗ್ರಂಥಾಲಯಕ್ಕೆ, ಶಾಲೆ ಕಾಲೇಜಿಗೆ, ಸಭೆ ಸಮಾರಂಭಕ್ಕೆ ಪುಸ್ತಕ ಕೊಳ್ಳುವ ಅಧಿಕಾರ ಯಾರ ಯಾರ ಕೈಯಲ್ಲಿದೆಯೋ ಅವರೆಲ್ಲರಿಗೂ ನಮಸ್ಕಾರ.

ನಾನು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್, ಸ್ಟೇಷನರಿ. ನಿಮ್ಮಲ್ಲಿ ಕೆಲವರ ಆಹ್ವಾನ ಪತ್ರಿಕೆ ಟೈಪ್ ಮಾಡಿದವಳು ನಾನೇ. ಅಂಗಡಿಯ ಮೂಲೆಯಲ್ಲಿ ಎಪಿಎಂಸಿಯಿಂದ ತಂದ ನಾಲ್ಕು ಹಳೇ ಮರದ ಟೊಮೆಟೊ ಬಾಕ್ಸ್ ಒಂದರ ಮೇಲೊಂದು ಜೋಡಿಸಿದ್ದೇನೆ. ಅದೇ ನನ್ನ ಪುಸ್ತಕ ಮಳಿಗೆ. ಎಂಬತ್ತು ಪುಸ್ತಕ ಹಿಡಿಯುತ್ತದೆ. ಕೆಳಗಿನ ಎರಡು ಬಾಕ್ಸ್‌ನಲ್ಲಿ ಕೆಎಎಸ್, ಪಿಡಿಒ, ಪೊಲೀಸ್ ಪರೀಕ್ಷೆಯ ಗೈಡುಗಳು. ಸುಳ್ಳು ಯಾಕೆ ಹೇಳಲಿ, ಅಂಗಡಿಯ ಕರೆಂಟ್ ಬಿಲ್ ಕಟ್ಟುವುದು ಅವೇ. ಮೇಲಿನ ಎರಡರಲ್ಲಿ ಕತೆ, ಕವನ, ಕಾದಂಬರಿ.

ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರಾದರೂ ಬಂದು ಪುಸ್ತಕ ಕೇಳಿ, ಅದು ನನ್ನ ಹತ್ತಿರ ಇಲ್ಲದಿದ್ದರೆ ಅದರಲ್ಲಿ ಬರೆದುಕೊಳ್ಳುತ್ತೇನೆ. ತಾರೀಖು, ಪುಸ್ತಕ, ಕೇಳಿದವರ ಫೋನ್ ನಂಬರ್. ಒಂದು ವರ್ಷ ತುಂಬಿತು. ಮೊನ್ನೆ ಕರೆಂಟ್ ಇಲ್ಲದ ಹೊತ್ತಿನಲ್ಲಿ ಕೂತು ಮೊದಲಿಂದ ತಿರುವಿ ಹಾಕಿದೆ. ಆಗಲೇ ಈ ಪತ್ರ ಬರೆಯಬೇಕು ಅನ್ನಿಸಿದ್ದು.

ಈ ನೋಟ್‌ಬುಕ್ ಶುರುವಾಗಿದ್ದು ಮಂಡ್ಯದಿಂದ ಬಂದ ಮೇಲೆ. ಕಳೆದ ಡಿಸೆಂಬರ್ 20ರಿಂದ 22ರವರೆಗೆ ಅಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರಾಗಿದ್ದರಲ್ಲ, ಅದಕ್ಕೆ ಒಂದು ದಿನ ಹೋಗಿದ್ದೆ. ಟಿವಿಯಲ್ಲಿ ಅಲ್ಲಿ ಬಾಡೂಟ ಹಾಕಬೇಕೋ ಬೇಡವೋ ಅನ್ನುವ ಜಗಳವೇ ಜಾಸ್ತಿ ಬಂತು. ನಾನು ನೋಡಿದ್ದು ಪುಸ್ತಕದ ಮಳಿಗೆಗಳಲ್ಲಿ ಕಾಲಿಡಲು ಜಾಗ ಇಲ್ಲದ್ದನ್ನು. ಪಂಚೆ ಉಟ್ಟ ಒಬ್ಬ ಅಜ್ಜ ಸೀರೆ ಆರಿಸುವ ಹಾಗೆ ಹಾಳೆ ಮುಟ್ಟಿ ಮುಟ್ಟಿ ಪುಸ್ತಕ ಆರಿಸುತ್ತಿದ್ದರು. ಎರಡು ಚೀಲ ತುಂಬಿಸಿಕೊಂಡು ಬಂದೆ. ಜನವರಿ ಮುಗಿಯುವಷ್ಟರಲ್ಲಿ ಒಂದು ಚೀಲ ಖಾಲಿ. ನನಗೇ ಆಶ್ಚರ್ಯ. ಕೋಲಾರದಲ್ಲಿ ಓದುವವರಿಲ್ಲ ಅಂತ ನಾನೂ ಎಲ್ಲರ ಹಾಗೆ ಹೇಳಿಕೊಂಡು ತಿರುಗುತ್ತಿದ್ದವಳೇ.

ಜನವರಿ 5ಕ್ಕೆ ಕಾದಂಬರಿಕಾರ ನಾ. ಡಿಸೋಜ ತೀರಿಹೋದರು. ಶರಾವತಿ ಅಣೆಕಟ್ಟಿನಿಂದಾದ ಮುಳುಗಡೆಯ ಬಗ್ಗೆ ಅವರಷ್ಟು ಬರೆದವರಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಅವರ ಹೆಸರು ನಾಲ್ಕು ಸಲ ಇದೆ. ಕೇಳಿದ ನಾಲ್ವರಲ್ಲಿ ಇಬ್ಬರು ಮೇಷ್ಟ್ರು, ಒಬ್ಬರು ಕೆಎಸ್ಆರ್‌ಟಿಸಿ ಕಂಡಕ್ಟರ್, ಒಬ್ಬರು ಯಾರೋ ಗೊತ್ತಿಲ್ಲ. ನನ್ನ ಹತ್ತಿರ ಅವರ ಒಂದು ಪುಸ್ತಕವೂ ಇರಲಿಲ್ಲ.

ಈಗ ಮೇ ತಿಂಗಳಿಗೆ ಬರುತ್ತೇನೆ. ನೀವೂ ಕಾಯುತ್ತಿರುವುದು ಅದನ್ನೇ ಅಲ್ವಾ.

ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಸಣ್ಣಕತೆಗಳ ಸಂಕಲನಕ್ಕೂ ಮೊದಲನೆಯದು. ನಮಗೆ ಗೊತ್ತಾಗುವಷ್ಟರಲ್ಲಿ 21ರ ಬೆಳಿಗ್ಗೆ. ಶಟರ್ ಎತ್ತಿ ಹತ್ತು ನಿಮಿಷ ಆಗಿಲ್ಲ, ಎದುರು ಹೂವಿನ ಅಂಗಡಿಯ ಯಜಮಾನರು ಬಂದರು. ಅವರ ಮನೆಮಾತು ತೆಲುಗು. "ಅಮ್ಮಾ, ಆ ಲಂಡನ್ ಪುಸ್ತಕಂ ಉಂದಾ?" ಅಂದರು. ಇಲ್ಲ ಅಂದೆ. "ಮನ ಕನ್ನಡಮೇ ಕದಾ, ಎಂದುಕು ಲೇದು?" ನಮ್ಮ ಕನ್ನಡದ್ದೇ ಅಲ್ವಾ, ಯಾಕಿಲ್ಲ ಅಂತ. ಉತ್ತರ ಹೊಳೆಯಲಿಲ್ಲ.

ಆ ದಿನ ಸಂಜೆಯೊಳಗೆ ಒಂಬತ್ತು ಜನ ಬಂದು ಕೇಳಿದರು. ಬೆಂಗಳೂರಿನ ವಿತರಕರಿಗೆ ಫೋನ್ ಮಾಡಿದೆ. ಅವರೂ ಪಾಪ, ಬೆಳಿಗ್ಗೆಯಿಂದ ಅದೇ ಉತ್ತರ ಹೇಳಿ ಸುಸ್ತಾಗಿದ್ದರು. "ಸ್ಟಾಕ್ ಇಲ್ಲ ಮೇಡಂ. ಮರುಮುದ್ರಣ ಆಗಬೇಕು." ಯಾಕೆ ಇಟ್ಟಿರಲಿಲ್ಲ ಅಂತ ಕೇಳಿದ್ದಕ್ಕೆ, "ಕಥಾಸಂಕಲನ ಹೋಗಲ್ಲ ಮೇಡಂ. ಕಾದಂಬರಿ ಬೇಕಾದ್ರೆ ಹೇಳಿ, ನಾಳೆನೇ ಕಳಿಸ್ತೀನಿ" ಅಂದರು.

ಕಥಾಸಂಕಲನ ಹೋಗಲ್ಲ. ಈ ಮಾತು ನಾನು ಕೇಳಿಸಿಕೊಂಡಿದ್ದು ಮಾಸ್ತಿ ಹುಟ್ಟಿದ ಜಿಲ್ಲೆಯಲ್ಲಿ ಕೂತು. ಮಾಲೂರು ತಾಲ್ಲೂಕಿನ ಮಾಸ್ತಿ ಅನ್ನುವ ಊರಿನಿಂದ ಬಂದು, 1920ರಲ್ಲೇ ಸಣ್ಣಕತೆಗಳ ಪುಸ್ತಕ ತಂದು, ಆಮೇಲೆ ಜ್ಞಾನಪೀಠದವರೆಗೆ ಹೋದವರ ಜಿಲ್ಲೆ ಇದು.

ಇನ್ನೊಂದು ವಿಷಯ ಕೇಳಿ. ಅದೇ ಬೆಳಿಗ್ಗೆ ನಮ್ಮ ಪಕ್ಕದ ಮೊಬೈಲ್ ಅಂಗಡಿ ಹುಡುಗ ಫೋನಿನಲ್ಲಿ ಇಂಗ್ಲಿಷ್ ಪುಸ್ತಕ ಆರ್ಡರ್ ಮಾಡಿದ. ಎರಡು ದಿನಕ್ಕೆ ಬಂತು. ನಾನು ತರಿಸಿದ ಕನ್ನಡದ ಪ್ರತಿ ಬರಲು 26 ದಿನ ಹಿಡಿಯಿತು. ಕನ್ನಡದಲ್ಲಿ ಬರೆದ ಕತೆ ಇಂಗ್ಲಿಷಿನಲ್ಲಿ ಲಂಡನ್ ಸುತ್ತಿ ಕೋಲಾರಕ್ಕೆ ಬೇಗ ಬಂತು. ನೆಟ್ಟಗೆ ಬರಬೇಕಾಗಿದ್ದು ತಡವಾಯಿತು.

ಆ 26 ದಿನದ ನಡುವೆ ನಡೆದ ಒಂದು ಸಂಗತಿ ಹೇಳಿಬಿಡುತ್ತೇನೆ. ನನ್ನದೇ ತಪ್ಪು ಅದು. ಮಾಲೂರು ಕಡೆಯ ಹುಡುಗಿ, ಡಿಗ್ರಿ ಮೊದಲ ವರ್ಷ, ಬುರ್ಖಾದ ಮೇಲೆ ಕಾಲೇಜು ಬ್ಯಾಗು. ಬ್ಯಾಗಿನಿಂದ ಹಳೇ ಪುಸ್ತಕ ತೆಗೆದಳು. ರಟ್ಟಿಗೆ ನ್ಯೂಸ್ ಪೇಪರ್ ಹೊದಿಸಿತ್ತು. ಯಾರದೋ ದೊಡ್ಡಮ್ಮನ ಮನೆಯಿಂದ ಒಂದೇ ದಿನಕ್ಕೆ ಅಂತ ತಂದಿದ್ದಳು. "ಆಂಟಿ, ಇದ್ರಲ್ಲಿ ಒಂದು ಕತೆ ಜೆರಾಕ್ಸ್ ಮಾಡಿಕೊಡಿ. ಪೂರ್ತಿ ಬೇಡ, ದುಡ್ಡು ಸಾಲಲ್ಲ." ಬಾನು ಅವರ ಕತೆ. 14 ಪುಟ. ಪುಟಕ್ಕೆ 2 ರೂಪಾಯಿಯಂತೆ 28 ರೂಪಾಯಿ.

ಪುಸ್ತಕ ಮಾರುವವಳು ಪುಸ್ತಕದ ಜೆರಾಕ್ಸ್ ತೆಗೆಯಬಾರದು. ನನ್ನ ಗೋಡೆ ಮೇಲೆ ಆ ಬೋರ್ಡು ಬರೆದು ಅಂಟಿಸಿದವಳೇ ನಾನು. ಅವಳು ಆ ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು. ಬೈಂಡಿಂಗ್ ಸಡಿಲವಾಗಿತ್ತು. ಪುಸ್ತಕವನ್ನು ಗಾಜಿನ ಮೇಲೆ ಒತ್ತಿದರೆ ಹಾಳೆ ಕಿತ್ತು ಬರುತ್ತದೆ ಅಂತ ಅಂಗೈಯಲ್ಲಿ ಮೆಲ್ಲಗೆ ಹಿಡಿದು ಒಂದೊಂದೇ ಪುಟ ತೆಗೆದೆ. ದುಡ್ಡು ತಗೊಳ್ಳಲಿಲ್ಲ. ತಗೊಂಡಿದ್ದರೆ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು ಅಂತ ಸಮಾಧಾನ ಮಾಡಿಕೊಂಡೆ. ಅವಳ ಹೆಸರನ್ನೂ ನೋಟ್‌ಬುಕ್ಕಿಗೆ ಸೇರಿಸಿದೆ.

ಆಮೇಲೆ ಅಭಿನಂದನೆಗಳ ಸುಗ್ಗಿ. ಆ ಒಂದು ತಿಂಗಳಲ್ಲಿ ಬೂಕರ್ ಹೆಸರಿನಲ್ಲಿ ಐದು ಆಹ್ವಾನ ಪತ್ರಿಕೆ ಟೈಪ್ ಮಾಡಿದೆ. ಒಂದರಲ್ಲಿ ಬೂಕರ್, ಇನ್ನೊಂದರಲ್ಲಿ ಬುಕರ್, ಮತ್ತೊಂದರಲ್ಲಿ ಬುಕ್ಕರ್. ಬರೆದುಕೊಟ್ಟ ಹಾಗೆ ಟೈಪ್ ಮಾಡು ಅಂತೀರಿ, ಮಾಡಿದೆ. ಒಂದರಲ್ಲಿ ವೇದಿಕೆ ಮೇಲಿನವರ ಹೆಸರೇ 22. ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ಮೂರು ಸಲ ಪ್ರೂಫ್ ತಿದ್ದಿಸಿದಿರಿ. ಆ ಕತೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರ ಹೆಸರು ನೀವು ಬರೆದುಕೊಟ್ಟ ಐದರಲ್ಲಿ ಒಂದರಲ್ಲೂ ಇರಲಿಲ್ಲ. ಬಹುಮಾನದ 50,000 ಪೌಂಡಿನಲ್ಲಿ ಸರಿಯಾಗಿ ಅರ್ಧ ಅನುವಾದ ಮಾಡಿದವರಿಗೆ ಸೇರುತ್ತದೆ. ಈ ಬಹುಮಾನ ಪಡೆದ ಮೊದಲ ಭಾರತೀಯ ಅನುವಾದಕಿ ಕೊಡಗಿನ ಹೆಣ್ಣುಮಗಳು. ನಾನು ಎರಡರಲ್ಲಿ ಅವರ ಹೆಸರು ಸುಮ್ನೆ ಸೇರಿಸಿಬಿಟ್ಟೆ. ಯಾರೂ ಗಮನಿಸಲಿಲ್ಲ, ಹಾಗೇ ಅಚ್ಚಾಯಿತು. ಈಗ ಹೇಳುತ್ತಿದ್ದೇನೆ, ಬೈಯುವುದಾದರೆ ಬೈಯಿರಿ.

ಆ ಐದರಲ್ಲಿ ಒಂದು ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಯಾರು ಮಾಡಿದ್ದು ಅನ್ನುವುದು ಬೇಡ. ಶಾಲು, ಹಾರ, ಪೇಟ, ನೆನಪಿನ ಕಾಣಿಕೆ, ಎಲ್ಲ ಇತ್ತು. ಬಹುಮಾನ ಬಂದವರು ಇರಲಿಲ್ಲ, ಅವರ ಫೋಟೋ ಇತ್ತು. ಭಾಷಣ ಎರಡೂವರೆ ಗಂಟೆ. ಯಾರಾದರೂ ಒಂದು ಕತೆ ಓದುತ್ತಾರೇನೋ ಅಂತ ಕಾದೆ. ಒಂದು ಪುಟ, ಒಂದು ಪ್ಯಾರಾ, ಉಹುಂ. ಹೊರಗೆ ಬಂದರೆ ಬಾಗಿಲಲ್ಲಿ ಕಡ್ಲೆಕಾಯಿ ಮಾರುವವನಿದ್ದ, ಪುಸ್ತಕ ಮಾರುವವರು ಇರಲಿಲ್ಲ. ನನಗೆ ಹೇಳಿದ್ದರೆ ಟೊಮೆಟೊ ಬಾಕ್ಸ್ ಹೊತ್ತುಕೊಂಡು ನಾನೇ ಬರುತ್ತಿದ್ದೆ.

ಮೇ 30ಕ್ಕೆ ಕವಿ ಎಚ್.ಎಸ್. ವೆಂಕಟೇಶಮೂರ್ತಿ ತೀರಿಹೋದರು. ಎಚ್ಚೆಸ್ವಿ ಪುಸ್ತಕ ಎರಡು ಇದ್ದವು, ಅವತ್ತೇ ಹೋದವು. ಸೆಪ್ಟೆಂಬರ್ 24ಕ್ಕೆ ಭೈರಪ್ಪನವರು. ಮಾರನೇ ದಿನ ನೋಟ್‌ಬುಕ್ಕಿನ ಒಂದು ಪುಟ ಪೂರ್ತಿ ಅವರದೇ. 'ಪರ್ವ' ಇದೆಯಾ, 'ವಂಶವೃಕ್ಷ' ಇದೆಯಾ ಅಂತ. ಇವು ವಿತರಕರ ಹತ್ತಿರ ಸಿಕ್ಕವು, ಕಾದಂಬರಿ ಹೋಗುತ್ತದಲ್ಲ. ಬಾನು ಅವರೂ ಭೈರಪ್ಪನವರೂ ಒಂದೇ ಹಾಸನ ಜಿಲ್ಲೆಯವರು. ಇವರನ್ನು ಓದುವವರು ಅವರನ್ನು ಓದುವುದಿಲ್ಲ ಅಂತ ಪೇಟೆಯಲ್ಲಿ ಹೇಳುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಇಬ್ಬರನ್ನೂ ಕೇಳಿದ ಫೋನ್ ನಂಬರ್ ಆರು ಇವೆ. ಅಕ್ಟೋಬರ್‌ನಲ್ಲಿ ಮೊಗಳ್ಳಿ ಗಣೇಶ್ ತೀರಿಕೊಂಡರು. ಎಂಥಾ ಕತೆಗಾರ. ಅವರನ್ನು ಕೇಳಿಕೊಂಡು ಬಂದವರು ಒಬ್ಬರೇ.

ಮೈಸೂರು ದಸರಾ ಗಲಾಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾನು ಅವರು ಉದ್ಘಾಟನೆ ಮಾಡಬಾರದು ಅಂತ ಸುಪ್ರೀಂ ಕೋರ್ಟಿನವರೆಗೆ ಹೋದರು, ಅಲ್ಲಿ ಅರ್ಜಿ ವಜಾ ಆಯಿತು, ಸೆಪ್ಟೆಂಬರ್ 22ಕ್ಕೆ ಅವರೇ ಉದ್ಘಾಟಿಸಿದರು. ನನ್ನ ಕೌಂಟರ್ ಮುಂದೆ ಆ ತಿಂಗಳು ಪೂರ್ತಿ ಅದೇ ಚರ್ಚೆ. ಚರ್ಚೆ ಮಾಡಿದವರಲ್ಲಿ ಅವರ ಕತೆ ಓದಿದವರು ಎಷ್ಟು ಜನ ಅಂತ ಕೇಳಿದಾಗಲೆಲ್ಲ ಜೆರಾಕ್ಸ್ ಮಷೀನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಒಂದು ಮಾತು ಮಾತ್ರ ಹೇಳುತ್ತೇನೆ. ಮನೆಯಲ್ಲಿ ಒಂದು ಮಾತು, ಬರೆಯಲು ಕನ್ನಡ ಅನ್ನುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಮಾಸ್ತಿಯವರ ಮನೆಮಾತು ತಮಿಳು. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಚಿಲ್ಲರೆ ಎಣಿಸುವುದು ತೆಲುಗಿನಲ್ಲಿ, ಅರ್ಜಿ ಬರೆಸುವುದು ಕನ್ನಡದಲ್ಲಿ. ಆ ಹುಡುಗಿ ಫೋನಿನಲ್ಲಿ ಅಮ್ಮನ ಜೊತೆ ಉರ್ದುವಿನಲ್ಲಿ ಮಾತಾಡುತ್ತಲೇ ಕನ್ನಡ ಕತೆಯ ಹಾಳೆ ಜೋಡಿಸಿಕೊಂಡಳು.

ಅದೇ ಸೆಪ್ಟೆಂಬರ್ 22ಕ್ಕೆ ಇನ್ನೊಂದು ಆಯಿತು, ಅದರ ಬಗ್ಗೆ ಪೇಟೆಯಲ್ಲಿ ಯಾರೂ ಜಗಳ ಆಡಲಿಲ್ಲ. ಹೊಸ ಜಿಎಸ್‌ಟಿ ದರ ಬಂತು. ಸ್ಟೇಷನರಿ ಇಟ್ಟವಳಾದ್ದರಿಂದ ನನಗೆ ಬೇಗ ತಿಳಿಯಿತು. ಮಕ್ಕಳ ನೋಟ್‌ಬುಕ್, ಪೆನ್ಸಿಲ್, ರಬ್ಬರ್ ಮೇಲೆ ತೆರಿಗೆ ಸೊನ್ನೆ. ಬಹಳ ಒಳ್ಳೆಯದಾಯಿತು. ಪುಸ್ತಕ ಅಚ್ಚು ಹಾಕುವ ಕಾಗದದ ಮೇಲಿನ ತೆರಿಗೆ ಮಾತ್ರ 12ರಿಂದ 18 ಪರ್ಸೆಂಟ್‌ಗೆ ಏರಿತು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಾಗದಕ್ಕೆ ಕಟ್ಟಿದ್ದನ್ನು ಪ್ರಕಾಶಕರು ಲೆಕ್ಕದಲ್ಲಿ ವಾಪಸ್ ಪಡೆಯಲೂ ಆಗುವುದಿಲ್ಲ. ಖಾಲಿ ನೋಟ್‌ಬುಕ್ಕಿಗೆ ತೆರಿಗೆ ಇಲ್ಲ, ಕತೆ ಅಚ್ಚು ಹಾಕುವ ಹಾಳೆಗೆ ಇದೆ. ಅಂಚೆಯದೂ ಇದೇ ಕತೆ. ಪುಸ್ತಕಕ್ಕೆ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಮಂಡ್ಯ ಸಮ್ಮೇಳನಕ್ಕೆ ಎರಡು ದಿನ ಮುಂಚೆ ನಿಂತಿತು. ಮೇ 1ಕ್ಕೆ ಜ್ಞಾನ ಪೋಸ್ಟ್ ಅಂತ ಹೊಸದು ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಒಂದು ಕಥಾಸಂಕಲನ ಮನೆಗೆ ತರಿಸಿಕೊಳ್ಳಲು ಸಾಕಾಗುವ ದರ. ನಿಮಗೂ ತಿಳಿದಿರಲಿ ಅಂತ ಹೇಳಿದೆ, ಪುಸ್ತಕ ತರಿಸುವ ಮನಸ್ಸಾದರೆ ಬೇಕಾಗುತ್ತದೆ.

ಜೂನ್‌ನಲ್ಲಿ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಅಲ್ಲಿನ ಸಿಬ್ಬಂದಿ ಒಳ್ಳೆಯವರು. ನನ್ನ ನೋಟ್‌ಬುಕ್ಕಿನ ಗಿರಾಕಿಗಳನ್ನು ಅಲ್ಲಿಗಾದರೂ ಕಳಿಸೋಣ ಅಂತ ಹೋಗಿದ್ದು. ಪೇಪರ್ ಓದುವ ಬೆಂಚು ಭರ್ತಿ. ಪರೀಕ್ಷೆಗೆ ಓದುವ ಹುಡುಗರು ಕಿಟಕಿಯ ಕಟ್ಟೆ ಮೇಲೂ ಕೂತಿದ್ದರು. 'ಹೊಸ ಪುಸ್ತಕಗಳು' ಅಂತ ಬರೆದ ಬೀರು ಇತ್ತು. ಅದರಲ್ಲಿ ನನಗೆ ಸಿಕ್ಕ ತೀರಾ ಹೊಸ ಪುಸ್ತಕ 2020ರದ್ದು. ಬಾನು ಅವರದ್ದು ಇದೆಯಾ ಅಂದೆ. "ಮೇಡಂ, ನಾವು ಕೇಳಿದ್ದು ಬರಲ್ಲ, ಬಂದಿದ್ದು ಇಡ್ತೀವಿ" ಅಂದರು ಆಯಮ್ಮ. ಮೇಲೆ ಎಲ್ಲೋ ಪಟ್ಟಿ ಆಗುತ್ತದೆ, ಪುಟಕ್ಕೆ ಇಷ್ಟು ಪೈಸೆ ಅಂತ ದರ ಆಗುತ್ತದೆ, ಸಗಟು ಖರೀದಿ ಆಗುತ್ತದೆ, ಬಂಡಲ್ ಬರುತ್ತದೆ. ಬಂದಾಗ ಬಂತು. ಕೋಲಾರದ ಓದುಗರಿಗೆ ಏನು ಬೇಕು ಅಂತ ಕೇಳುವ ಕಾಲಂ ಆ ಫಾರಂನಲ್ಲಿ ಎಲ್ಲೂ ಇಲ್ಲ.

ಈಗ ದುಡ್ಡಿನ ಮಾತು. ನನ್ನ ಅಂಗಡಿಗೆ ಈ ವರ್ಷ 4,200 ರೂಪಾಯಿ ಆಸ್ತಿ ತೆರಿಗೆ. ರಶೀದಿ ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕರಗಳು. ಗ್ರಂಥಾಲಯ ಕರ ನೂರಕ್ಕೆ 6, ಅಂದರೆ 252 ರೂಪಾಯಿ. ಅದರ ಪಕ್ಕದಲ್ಲೇ ಭಿಕ್ಷುಕರ ಕರ ನೂರಕ್ಕೆ 3. ಪುಸ್ತಕಕ್ಕೆ ಭಿಕ್ಷುಕರ ಎರಡರಷ್ಟು ಬೆಲೆ ಇದೆ ಅಂತ ನಮ್ಮ ಮನೆಯವರು ನಗುತ್ತಾರೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಮನೆ, ಅಂಗಡಿ ಇರುವ ಪ್ರತಿಯೊಬ್ಬರೂ ಕಟ್ಟುತ್ತಾರೆ, ಓದಲಿ ಬಿಡಲಿ. ಹೂವಿನ ಅಂಗಡಿಯವರೂ ಕಟ್ಟುತ್ತಾರೆ. ಹಾಗೆ ನೋಡಿದರೆ ಆ ಲಂಡನ್ ಪುಸ್ತಕಕ್ಕೆ ಅವರು ಆಗಲೇ ದುಡ್ಡು ಕೊಟ್ಟಾಗಿದೆ.

ಈ ಊರಿನಲ್ಲಿ ಆ ಕರ ಎಷ್ಟು ವಸೂಲಾಯಿತು, ಎಷ್ಟು ಗ್ರಂಥಾಲಯಕ್ಕೆ ಸೇರಿತು, ಅದರಲ್ಲಿ ಯಾವ ಪುಸ್ತಕ ಬಂತು? ಒಂದು ಹಾಳೆಯಲ್ಲಿ ಬರೆದು ಗ್ರಂಥಾಲಯದ ಬಾಗಿಲಿಗೆ ಅಂಟಿಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಾನೇ ಕೇಳಬಹುದು, ದಿನಕ್ಕೆ ನಾಲ್ಕು ಜನರಿಗೆ ಅಂಥ ಅರ್ಜಿ ಟೈಪ್ ಮಾಡಿಕೊಡುತ್ತೇನೆ, ಒಕ್ಕಣೆ ಬಾಯಿಪಾಠ ಆಗಿದೆ. ಆದರೆ ದಿನಾ ಮುಖ ನೋಡುವವರ ಮೇಲೆ ಅರ್ಜಿ ಹಾಕುವುದು ಚೆನ್ನಾಗಿರುವುದಿಲ್ಲ. ಅದಕ್ಕೇ ಪತ್ರ.

ಇನ್ನೊಂದು ಲೆಕ್ಕ. ಜಿಲ್ಲೆಯಲ್ಲಿ ಆರು ತಾಲ್ಲೂಕು. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್. ತಾಲ್ಲೂಕಿಗೆ ಐದು ಪ್ರತಿ ಅಂದರೆ 30 ಪ್ರತಿ. ಒಂದಕ್ಕೆ 200 ರೂಪಾಯಿ ಹಿಡಿದರೆ 6,000 ರೂಪಾಯಿ. ಈ ವರ್ಷ ಜನ ಬಾಯಿಬಿಟ್ಟು ಕೇಳಿದ ಇಪ್ಪತ್ತು ಪುಸ್ತಕ ಹೀಗೆ ತಂದರೂ 1,20,000. ಒಂದು ಸಮಾರಂಭದ ಶಾಮಿಯಾನ, ಫ್ಲೆಕ್ಸು, ಊಟದ ಖರ್ಚು ಎಷ್ಟಾಗುತ್ತದೆ ಅಂತ ನನಗೆ ಗೊತ್ತು. ಕೊಟೇಷನ್ನುಗಳನ್ನೂ ನನ್ನ ಹತ್ತಿರವೇ ಟೈಪ್ ಮಾಡಿಸುತ್ತೀರಿ. ಕ್ರೇನಿನಲ್ಲಿ ಎತ್ತಿ ಹಾಕುವ ಸೇಬಿನ ಹಾರದ ರೇಟು ಕೂಡ ಗೊತ್ತು, ಅದು ಸಾಹಿತ್ಯದ ಲೆಕ್ಕಕ್ಕೆ ಬರುವುದಿಲ್ಲ, ಬಿಡಿ.

ನನ್ನ ಅಂಗಡಿಯಲ್ಲೇ ಕೊಳ್ಳಿ ಅಂತ ಹೇಳುತ್ತಿಲ್ಲ. ಪ್ರಕಾಶಕರಿಂದ ನೇರವಾಗಿ ತರಿಸಿ, ನನಗೆ ಹೋಗುವ ಕಮಿಷನ್ ಉಳಿಯುತ್ತದೆ. ಸನ್ಮಾನ ಮಾಡಬೇಡಿ ಅಂತಲೂ ಹೇಳುವುದಿಲ್ಲ, ಆಹ್ವಾನ ಪತ್ರಿಕೆಯಿಂದ ನನಗೂ ನಾಲ್ಕು ಕಾಸು ಬರುತ್ತದೆ. ಮುಂದಿನ ಸಮಾರಂಭದಲ್ಲಿ ವೇದಿಕೆ ಮೇಲಿನ 22 ಜನಕ್ಕೂ ಶಾಲಿನ ಬದಲು ಒಂದೊಂದು ಕಥಾಸಂಕಲನ ಕೊಡಿ. ಅವರು ಓದದಿದ್ದರೂ ಪರವಾಗಿಲ್ಲ, ಮನೆಯಲ್ಲಿ ಯಾರಾದರೂ ಓದುತ್ತಾರೆ. ಪಂಚಾಯಿತಿಗಳ ಗ್ರಂಥಾಲಯಕ್ಕೂ, ಅದೇ ಅರಿವು ಕೇಂದ್ರಕ್ಕೂ, ಗೈಡುಗಳ ಜೊತೆ ನಾಲ್ಕು ಕತೆಪುಸ್ತಕ ಇಡಿ. ಜೂನ್ 6ಕ್ಕೆ ಮಾಸ್ತಿಯವರ ಫೋಟೋಗೆ ಹಾರ ಹಾಕುತ್ತೀರಲ್ಲ, ಅವರು ಹುಟ್ಟಿದ್ದೂ ಹೋಗಿದ್ದೂ ಅದೇ ತಾರೀಖು. ಅವತ್ತು ಹಾರ ಹಾಕಿದ ಮೇಲೆ ಅವರ ಒಂದು ಕತೆ ಗಟ್ಟಿಯಾಗಿ ಓದಿಸಿ. ಅರ್ಧ ಗಂಟೆ ಸಾಕು, ಭಾಷಣಕ್ಕಿಂತ ಬೇಗ ಮುಗಿಯುತ್ತದೆ.

ನಾನು ತರಿಸಿದ ಬಾನು ಅವರ ಪ್ರತಿ ಜೂನ್ 16ಕ್ಕೆ ಬಂತು. ಆ ಹುಡುಗಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಆಗಸ್ಟ್‌ನಲ್ಲಿ ಅವಳೇ ಬಂದಳು, ಜೊತೆಗೆ ಮೂವರು ಸ್ನೇಹಿತೆಯರು. ಕೊಳ್ಳಲು ಅವರ ಹತ್ತಿರ ಕಾಸಿರಲಿಲ್ಲ. ಓದಿ ವಾಪಸ್ ಕೊಡಿ ಅಂತ ಕೊಟ್ಟೆ. ಅವತ್ತಿನಿಂದ ನೋಟ್‌ಬುಕ್ಕಿನ ಹಿಂದಿನ ಪುಟಗಳು ಬೇರೆ ಲೆಕ್ಕಕ್ಕೆ ಬಳಕೆಯಾಗುತ್ತಿವೆ. ಯಾರು ತಗೊಂಡರು, ಯಾವಾಗ ವಾಪಸ್ ಕೊಟ್ಟರು ಅಂತ. ಆ ಪುಸ್ತಕ ಈಗ ಹನ್ನೊಂದನೇ ಕೈಯಲ್ಲಿದೆ, ಹೂವಿನ ಅಂಗಡಿಯವರ ಸೊಸೆ ಹತ್ತಿರ. ಹಿಂದಿನ ರಟ್ಟು ಕಿತ್ತು ಬಂದಿದೆ. ವಾಪಸ್ ಬಂದ ಮೇಲೆ ಬೈಂಡ್ ಮಾಡಬೇಕು.

ನೋಟ್‌ಬುಕ್ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ, ರಾತ್ರಿ ಎಂಟೂವರೆವರೆಗೆ ಅಂಗಡಿ ತೆಗೆದಿರುತ್ತೇನೆ. ಪಟ್ಟಿ ಬೇಕಾದರೆ ಜೆರಾಕ್ಸ್ ಮಾಡಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.

ಇಂತಿ,
ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯವಳು